ಜಗಳದ ಪಾಠ

ಮಾರ್ಚ್ ೯, ಭಾನುವಾರ

ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿದ ಮೇಲೆ ಹಲ್ಲಿನ ಡಾಕ್ಟರು ಹೇಳಿದ ಮಾತು ಇನ್ನೂ ತಲೆ ಕೊರೆಯುತ್ತಿದೆ. ನಮ್ಮ ಚರ್ಚಿನ ದಂಪತಿಗಳ ಕೂಟಕ್ಕೆ ಈ ವರ್ಷ ಅವರೇ ಅಧ್ಯಕ್ಷರು. ನಮ್ಮವರು ತೀರಿಕೊಂಡ ಮೇಲೆ ನಾನು ಕೂಟಕ್ಕೆ ಹೋದದ್ದು ಇವತ್ತೇ ಮೊದಲು.

"ಅಕ್ಕಾ, ಇನ್ಮೇಲೆ ನೀವು ಬುಧವಾರದ ವಿಧವೆಯರ ಸಂಘಕ್ಕೆ ಬನ್ನಿ. ನಿಮಗೂ ಜೊತೆ ಸಿಗುತ್ತೆ," ಅಂದರು, ಹಲ್ಲು ಕೀಳುವ ಮೊದಲು ನೋವಾಗಲ್ಲ ಅನ್ನುವ ಅದೇ ದನಿಯಲ್ಲಿ.

"ಹಾಗಾದ್ರೆ ಮದುವೆಯಾಗೋ ಜೋಡಿಗಳಿಗೆ ಜಗಳದ ಪಾಠ ಯಾರು ಮಾಡ್ತಾರೆ?"

"ನಿಮ್ಮೊಬ್ಬರನ್ನೇ ನೋಡಿದ್ರೆ ಆ ಮಕ್ಕಳಿಗೆ ಒಂಥರಾ ಆಗುತ್ತೆ, ಅಕ್ಕಾ."

ಆದರೆ ಆಗಲಿ. ಮದುವೆಗೆ ಮುಂಚೆ ಚರ್ಚಿನಲ್ಲಿ ಕೊಡುವ ತರಬೇತಿಗೆ ಆ ಪಾಠ ಕಟ್ಟಿದ್ದೇ ನಾನೂ ನಮ್ಮವರೂ. ಹಾಸಿಗೆಯ ಮೇಲೆ ಒದ್ದೆ ಟವೆಲ್ ಬಿಸಾಡುವ ವಿಷಯಕ್ಕೆ ಎಲ್ಲರೆದುರು ನಿಜವಾಗಿಯೇ ಜಗಳವಾಡಿ, ಊಟದ ಹೊತ್ತಿಗೆ ರಾಜಿಯಾಗಿ ತೋರಿಸುತ್ತಿದ್ದೆವು. ಒಮ್ಮೆ ರಾಜಿಯಾಗಲೇ ಇಲ್ಲ. ಜೋಡಿಗಳೇ ಸಮಾಧಾನ ಮಾಡಿ ನಮ್ಮನ್ನು ಮನೆಗೆ ಬಿಟ್ಟು ಹೋದರು.

ವಿಧವೆಯರ ಸಂಘದವರ ಮೇಲೆ ನನಗೆ ಮುನಿಸಿಲ್ಲ. ಮನಸ್ಸು ಬಂದ ಬುಧವಾರ ಅಲ್ಲಿಗೂ ಹೋಗುತ್ತೇನೆ. ಆದರೆ ನಾನು ಎಲ್ಲಿ ಕೂರಬೇಕು ಅನ್ನುವುದನ್ನು ಹಲ್ಲಿನ ಡಾಕ್ಟರು ತೀರ್ಮಾನಿಸುವುದು ಬೇಡ.

ಸಂಜೆ ಫಾದರ್‌ಗೆ ಫೋನ್ ಮಾಡಿ, ಈ ಶನಿವಾರದ ಜಗಳದ ಪಾಠ ನನ್ನದೇ ಅಂದೆ.

"ಯಜಮಾನರ ಪಾಲಿನ ಮಾತು ಯಾರು ಆಡ್ತಾರಮ್ಮ?" ಅಂತ ಕೇಳಿದರು.

"ನಾನೇ," ಅಂದೆ.

ನಮ್ಮವರಿದ್ದಾಗಲೂ ಅವರ ಪಾಲಿನ ಮಾತನ್ನು ಮುಕ್ಕಾಲು ನಾನೇ ಆಡುತ್ತಿದ್ದೆ. ಕೊನೆಗೆ "ಸರಿ, ಮುಗೀತಾ?" ಅಂತ ನಗುವುದಷ್ಟೇ ಅವರ ಕೆಲಸ. ಆ ಒಂದು ಮಾತನ್ನು ಇವತ್ತು ಕನ್ನಡಿಯೆದುರು ಹೇಳಿ ನೋಡಿದೆ. ಅವರ ಹಾಗೆ ಬರಲಿಲ್ಲ. ಶನಿವಾರದೊಳಗೆ ಕಲಿತುಕೊಳ್ಳುತ್ತೇನೆ.