ಹಿಟ್ಟಿನ ಸೋಮವಾರದ ಚೀಲ

ಸೇಂಟ್ ಆಂಡ್ರೂಸ್, ಮಾರ್ಚ್ 1878

ಅಕ್ಕಾ, ಚೀಲ ಹೊತ್ತು ನಡೆದ ಹೆಗಲುನೋವು ಈಗ ಇಲ್ಲ.

ವಿಶ್ವವಿದ್ಯಾಲಯ ಕೊಟ್ಟ ಹಿಟ್ಟಿನ ಸೋಮವಾರದ ರಜೆಗೆ ನಾವೆಲ್ಲ ಊರಿಗೆ ಹೋಗಿ ಓಟ್ಸ್ ಹಿಟ್ಟು ತಂದೆವಲ್ಲ, ನನ್ನ ಕೋಣೆಯಲ್ಲೇ ಇರುವ, ತಾಯಿಯಿಲ್ಲದ ಲಾಕ್ಲನ್ ಕೂಡ ಚೀಲ ತುಂಬಿಸಿಕೊಂಡು ಬಂದಿದ್ದ. ನಿನ್ನೆ ಅದನ್ನು ಸರಿಸಹೋದರೆ ಒಳಗೆ ಬರೀ ಕಡಲ ಮರಳು!

ಅವರವರ ಹಿಟ್ಟಿನಿಂದ ಗಂಜಿ ಕಾಯಿಸಿಕೊಡುವ ಮನೆಯೊಡತಿಯನ್ನು ಕೇಳಿದೆ, ಹಾಗಾದರೆ ಅವನು ದಿನಾ ಉಣ್ಣುತ್ತಿರುವುದು ಯಾರದ್ದು ಎಂದು.

"ನಿನ್ನ ಚೀಲದ್ದೇ ಕಣೋ. ಬಾಯಿ ಬಿಟ್ಟೀಯ, ಜೋಕೆ!"

ಇವತ್ತು ಬೆಳಗ್ಗೆ ಎಲ್ಲರೆದುರು ಅವಳೇ, "ಇವನದು ಹೊಟ್ಟೆಯೋ ಕಣಜವೋ! ಹಿಟ್ಟು ಆಗಲೇ ಅರ್ಧ ಖಾಲಿ," ಎಂದು ನನ್ನನ್ನು ಬೈದಳು. ಲಾಕ್ಲನ್ ತಲೆ ತಗ್ಗಿಸಿದ್ದು ಕಂಡು ನಾನು ಇನ್ನೊಂದು ಸೌಟು ಬಡಿಸಿಕೊಂಡೆ.

ಗಾಡಿಯವನ ಕೈಲಿ ಇನ್ನೊಂದು ಚೀಲ ಕಳಿಸು. ಅಮ್ಮ ಕೇಳಿದರೆ ನನಗೆ ಹಸಿವು ಹೆಚ್ಚಾಗಿದೆ ಅನ್ನು.

ಗಂಟೆ ಹೊಡೆಯಿತು.
ನಿನ್ನ ಹೊಟ್ಟೆಬಾಕ ತಮ್ಮ, ಡೇವಿ