ತಿರುಗದ ರೀಲು

೪ ಫೆಬ್ರವರಿ ೧೯೪೬, ಸೋಮವಾರ. ಮಧುಗಿರಿ

ಎರಡನೇ ಕ್ಲಾಸಿಗೆ ಕಾಗುಣಿತ. ಅರ್ಧ ಹುಡುಗಿಯರು ಬಂದಿಲ್ಲ — ಹುಣಸೆ ಬಡಿಯುವ ಕಾಲ. ಬಂದವರ ಬಾಯಲ್ಲೂ ಹುಣಸೆಯೇ.

ಮನೆಗೆ ಬಂದಾಗ ಇವರು ಊಟಕ್ಕೆ ಕೂತಿದ್ದರು. ಗೋಡೆಯ ಕಡೆ ಮುಖ. ಯುದ್ಧ ಮುಗಿಸಿ ಬಂದಾಗಿನಿಂದ ಹೀಗೆಯೇ. ಬರ್ಮಾ ಗಡಿಯಲ್ಲಿ ಮಿಲಿಟರಿ ಲಾರಿ ಮಗುಚಿ ಬಲಗೈಯ ಹೆಬ್ಬೆರಳು ಬುಡಸಮೇತ ಹೋಯಿತು. ಹೆಬ್ಬೆರಳಿಲ್ಲದೆ ಮುದ್ದೆ ಮುರಿಯಲು ಬರುವುದಿಲ್ಲ. ಅತ್ತೆ ಮುದ್ದೆಯನ್ನು ನಿಂಬೆಹಣ್ಣಿನಷ್ಟು ಚಿಕ್ಕದಾಗಿ ಕಟ್ಟಿ ತಟ್ಟೆಗೆ ಹಾಕುತ್ತಾರೆ. ಯಾರೂ ಆ ಮಾತು ಎತ್ತುವುದಿಲ್ಲ.

ಹೊರಗೆ ಹೋಗುವುದಿಲ್ಲ. ಬಸ್ಸಿನ ಧಣಿಗಳು ಎರಡು ಸಲ ಹೇಳಿ ಕಳಿಸಿದರು — ಡ್ರೈವರ್ ಅಲ್ಲದಿದ್ದರೆ ಶೆಡ್ಡಿನಲ್ಲಿ ಮೇಸ್ತ್ರಿ ಕೆಲಸವಾದರೂ ಮಾಡಲಿ ಅಂತ. ಇವರು ಉತ್ತರವನ್ನೇ ಕೊಡಲಿಲ್ಲ. ಬಲಗೈ ಯಾವಾಗಲೂ ಪಂಚೆಯ ಮಡಿಕೆಯೊಳಗೆ.

೭ ಫೆಬ್ರವರಿ, ಗುರುವಾರ. ಸಂಜೆ

ಇವತ್ತು ಮಾತಾಡಿದರು!

ಜಗಲಿಯ ಮೇಲೆ ಕೂತು ರವಿಕೆ ಹೊಲಿಯುತ್ತಿದ್ದೆ. ದಾರದ ಉಂಡೆ ಕೈ ಜಾರಿ ಅಂಗಳದ ತುದಿವರೆಗೂ ಉರುಳಿ, ದಾರವೆಲ್ಲ ಸಿಕ್ಕು. ಇವರು ನಕ್ಕುಬಿಟ್ಟರು. ನಾನು ತಲೆ ಎತ್ತಲಿಲ್ಲ, ಎತ್ತಿದರೆ ನಿಲ್ಲಿಸಿಬಿಟ್ಟಾರು ಎಂದು.

"ಆ ಟಾಮಿದು ಇಂಗೆ ಉರುಳ್ತಿರಲಿಲ್ಲ" ಎಂದರು.

ವೈಜಾಗಿನ ಮಿಲಿಟರಿ ಆಸ್ಪತ್ರೆ. ಅಲ್ಲೊಬ್ಬ ಟಾಮಿ, ಅಂದರೆ ಬಿಳಿ ಸೋಲ್ಜರ್; ಒಂದು ಕಾಲಿಲ್ಲ. ದಿನಾ ಸಾಯಂಕಾಲ ಮರಳಿನ ಮೇಲೆ ಕುರ್ಚಿ ಹಾಕಿಸಿಕೊಂಡು ಸಮುದ್ರಕ್ಕೆ ಗಾಳ ಎಸೆಯುವನಂತೆ. ಕೋಲಿಗೆ ಒಂದು ರೀಲು. ಇವರ ಕೈಗೂ ಕೊಟ್ಟನಂತೆ.

"ಬೇರೆ ರೀಲೆಲ್ಲ ಗಿರ್ರ್ ಅಂತ ತಿರುಗ್ತವೆ. ಹೆಬ್ಬೆಟ್ಟಲ್ಲಿ ಒತ್ತಿ ಹಿಡೀಬೇಕು, ಇಲ್ಲಾಂದ್ರೆ ಸಿಕ್ಕು. ಇದು ತಿರುಗೋದೇ ಇಲ್ಲ ಕಣೆ. ಸುಮ್ನೆ ನಿಂತಿರ್ತದೆ. ಹುರಿ ತಾನಾಗೇ ಮೂತಿಯಿಂದ ಕಳಚ್ಕೊಂಡು ಓಗ್ತದೆ. ಈ ಬೆಟ್ಟು ಒಂದಿದ್ರೆ ಸಾಕು."

ತೋರುಬೆರಳು ಮಡಿಸಿ ತೋರಿಸಿದರು. ಕೈ ಪಂಚೆಯಿಂದ ಹೊರಗೆ ಬಂದಿತ್ತು. ಅದು ಅವರಿಗೇ ಗೊತ್ತಾಗಲಿಲ್ಲ.

"ಆ ಗಳಿಗೇನಾಗೆ ಕೈ ಪೂರ್ತಿ ಇದ್ದಂಗಿತ್ತು..."

ಅಷ್ಟರಲ್ಲಿ ಯಾರೋ ಬಾಗಿಲಿಗೆ ಬಂದರು. ಕೈ ಒಳಗೆ ಹೋಯಿತು.

೧೩ ಫೆಬ್ರವರಿ

ಜೊತೆ ಉಪಾಧ್ಯಾಯಿನಿ ಸರಸಮ್ಮನ ತವರು ಸಿರಾ. ಅಲ್ಲಿ ಬುಡೇನ್ ಸಾಬರ ಹಳೇ ಸಾಮಾನಿನ ಅಂಗಡಿ. ಬೆಂಗಳೂರು ದಂಡಿನ ಬಿಳಿ ದೊರೆಗಳು ತಮ್ಮ ಸೀಮೆಗೆ ಹೊರಡುವಾಗ ಮಾರಿದ್ದೆಲ್ಲ ಅಲ್ಲಿಗೆ ಬರುತ್ತದಂತೆ — ಸೈಕಲ್ಲು, ಗ್ರಾಮಫೋನು. ಮೀನಿನ ರೀಲೂ ಇದೆಯಂತೆ.

ಅತ್ತೆಗೆ ಹೇಳಿದೆ. ಬಹಳ ಹೊತ್ತು ರಾಗಿ ಕೇರುತ್ತಲೇ ಇದ್ದರು. ಆಮೇಲೆ, "ನಾನೂ ಬತ್ತೀನಿ."

೧೭ ಫೆಬ್ರವರಿ, ಭಾನುವಾರ

ಇವರಿಗೆ ಹೇಳಿದ್ದು ಸರಸಮ್ಮನ ಮನೆಗೆ ಎಂದು. ಇದ್ದಿಲ ಗ್ಯಾಸಿನ ಬಸ್ಸು, ಏರು ಬಂದಾಗಲೆಲ್ಲ ಇಳಿದು ನಡೆದೆವು.

ಬುಡೇನ್ ಸಾಬರು ಮೂರು ರೀಲು ತಂದು ಗೋಣಿಯ ಮೇಲಿಟ್ಟರು. ಒಂದು ಮರದ್ದು, ಅಗಲ, ರಾಟೆಯಂತೆ. ಒಂದು ಹಿತ್ತಾಳೆಯದು, ಒಳಗೆ ಹಲ್ಲುಚಕ್ರ, ಥಳಥಳ. ಮೂರನೆಯದು ಮಂಕು ಬೂದಿ ಬಣ್ಣ, ಮೂತಿ ಮುಂದಕ್ಕೆ, ಪಕ್ಕದಲ್ಲಿ ಹಿಡಿ — ಕಾಫಿ ಬೀಜ ಅರೆಯುವ ಮಿಷನ್ನಿನ ಮರಿಯ ಹಾಗೆ.

ಅತ್ತೆ ಅದನ್ನು ಕಿವಿಗೆ ಹಿಡಿದು ತಿರುಗಿಸಿ ನೋಡಿದರು. "ಏನ್ ಸಾಬ್ರೆ, ಮೀನಿಡಿಯಾಕೆ ಗಡಿಯಾರ ಯಾಕೆ? ನಮ್ಮ ಪಾವಗಡದ ಕಡೆ ಪಿಲ್ಲಗಾಳ್ಳು, ಚಿಕ್ಕ ಉಡುಗ್ರು, ಬಿದಿರುಕಡ್ಡೀಲೇ ಇಡೀತಾರಪ್ಪ."

"ಅದು ಕೆರೆ, ಅಮ್ಮಾ. ಇದು ಸಮುಂದರ್‌ದು. ದೂರ ಬೀಳ್ಬೇಕಲ್ಲ." ಹಿತ್ತಾಳೆಯದನ್ನು ನನ್ನ ಕಡೆ ಸರಿಸಿದರು. "ಇದು ತಗೊಳ್ಳಿ. ಏ-ಒನ್ ಚೀಜ್."

ಅದು ನನ್ನ ಕೈಗೆ ಎಟುಕುವುದಲ್ಲ. ಮರದ್ದು ಎಲ್ಲಕ್ಕಿಂತ ಅಗ್ಗ. ಆದರೆ ಅಗ್ಗ ಎಂದು ತಂದು, ಇವರ ಕೈಯಲ್ಲಿ ಸಿಕ್ಕಾದರೆ? ಅಂಥ ಅಗ್ಗ ನನಗೆ ಬೇಡ.

"ಎಸೆದು ನೋಡಬಹುದೆ?" ಎಂದೆ. ಸಾಬರು ನಕ್ಕರು. ಆದರೂ ಕೋಲು, ಸೀಸದ ಗುಂಡು ಕೊಟ್ಟು ಹಿಂದಿನ ಓಣಿಗೆ ಕರೆದುಕೊಂಡು ಹೋದರು.

ಬಲಗೈ ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿದೆ. ಬಿಚ್ಚದ ಹಾಗೆ ಕರ್ಚೀಫು ಸುತ್ತಿದೆ.

ಮರದ್ದು: ಗುಂಡು ನೆಲಕ್ಕೆ ಬಿದ್ದಮೇಲೂ ಗಾಲಿ ತಿರುಗುತ್ತಲೇ ಇತ್ತು, ಹುರಿ ಉಕ್ಕಿ ಬಂತು. ಹಿತ್ತಾಳೆಯದು ಇನ್ನೂ ಅತ್ತ — ಕಾಗೆಗೂಡು. ಬಿಡಿಸಲು ಸಾಬರೇ ಕೂತರು.

ಮೂರನೆಯದು. ಹುರಿಯನ್ನು ತೋರುಬೆರಳಿಗೆ ಸಿಕ್ಕಿಸಿದೆ, ಬೀಸಿದೆ, ಬೆರಳು ಬಿಟ್ಟೆ. ರೀಲು ಅಲ್ಲಾಡಲಿಲ್ಲ. ಹುರಿ ಸದ್ದಿಲ್ಲದೆ ಸುರುಳಿ ಸುರುಳಿಯಾಗಿ ಕಳಚಿಕೊಂಡು ಹೋಯಿತು. ಗುಂಡು ಓಣಿ ದಾಟಿ, ಗೋಡೆ ದಾಟಿ, ಯಾರದೋ ಹೆಂಚಿನ ಮೇಲೆ ಟಣ್! ಕೋಳಿಗಳೆಲ್ಲ ಚೆಲ್ಲಾಪಿಲ್ಲಿ.

"ಯಾ ಅಲ್ಲಾ!" ಎಂದರು ಸಾಬರು.

ನಗುತ್ತಾ ತಿರುಗಿದೆ. ಅತ್ತೆ ಗುಂಡು ಹೋದ ಕಡೆ ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದರು, ಕಟ್ಟಿದ್ದ ಬೆರಳನ್ನು. ಹತ್ತಿರ ಬಂದು ಕರ್ಚೀಫು ಬಿಚ್ಚಿದರು. ಬೆರಳು ಹಿಡಿದುಕೊಂಡು ನಿಂತರು. ಬಿಡಲೇ ಇಲ್ಲ.

"ಇದೇ ಇರ್ಲಿ ರತ್ನಮ್ಮ" ಎಂದರು.

ಹುರಿ ಸುತ್ತುವ ತಂತಿಯ ಸ್ಪ್ರಿಂಗು ಮುರಿದಿದೆ. ಅದಕ್ಕೇ ಸಾಬರು ಬೆಲೆ ಇಳಿಸಿದರು. ಉಪ್ಪುನೀರು ತಗುಲಿದ ದಿನವೇ ಸಿಹಿನೀರಲ್ಲಿ ತೊಳೆದು ಎಣ್ಣೆ ಬಿಡಿ, ಇಲ್ಲದಿದ್ದರೆ ತುಕ್ಕು ತಿನ್ನುತ್ತದೆ, ಎಂದು ಎರಡೆರಡು ಸಲ ಹೇಳಿದರು.

೧೮ ಫೆಬ್ರವರಿ

ಕೊಟ್ಟೆ.

ಎಡಗೈಯಲ್ಲಿ ತೆಗೆದುಕೊಂಡರು. ತಿರುಗಿಸಿದರು. ಮುಖದ ಬಣ್ಣವೇ ಬೇರೆ ಆಯಿತು.

"ಮಧುಗಿರಿನಾಗೆ ಸಮುದ್ರ ಎಲ್ಲೈತೆ? ಬೆಟ್ಟದ ಮೇಲಾ?"

ರೀಲು ಸುತ್ತಿ ತಂದಿದ್ದ ಬಟ್ಟೆಯನ್ನು ಮಡಿಸತೊಡಗಿದೆ.

"ಆಟದ ಸಾಮಾನು ಕೊಟ್ಟು ಸಮಾಧಾನ ಮಾಡಾಕೆ ನಾನೇನು ಮಗುವಾ?"

ಗೂಡಿನಲ್ಲಿಟ್ಟು ಹೊರಗೆ ಹೋಗಿ ಕೂತರು. ಅತ್ತೆ ಒಲೆ ಊದುತ್ತಲೇ ಇದ್ದರು, ಉರಿ ಹತ್ತಿ ಆಗಿದ್ದರೂ. ತಪ್ಪು ಮಾಡಿದೆನೋ ಏನೋ.

೨ ಮಾರ್ಚ್

ಗೂಡಿನಲ್ಲೇ ಇದೆ. ಧೂಳು ಒರೆಸುವಾಗ ಅದನ್ನು ಮುಟ್ಟುವುದಿಲ್ಲ.

೯ ಮಾರ್ಚ್, ಶನಿವಾರ

ಸ್ಕೂಲಿನಿಂದ ಬಂದೆ. ಗೂಡು ಖಾಲಿ. ಎಸೆದುಬಿಟ್ಟರೇ?

ಹಿತ್ತಿಲಲ್ಲಿದ್ದರು. ರೀಲು ಬಿಚ್ಚಿ, ಒಂದೊಂದೇ ಭಾಗ ಸೀಮೆಎಣ್ಣೆಯಲ್ಲಿ ಅದ್ದಿ ಹಳೇ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟಿದ್ದರು. ಬಸ್ಸಿನ ಶೆಡ್ಡಿಗೆ ಹೋಗಿ ಗಟ್ಟಿ ತಂತಿ ತಂದಿದ್ದಾರೆ. ತಾವೇ! ಬೀದಿಯಲ್ಲಿ ನಡೆದು! ಅದನ್ನು ಬಾಗಿಸಿ ಹೊಸ ಸ್ಪ್ರಿಂಗು. ಕಾಲಿನ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಬೆರಳುಗಳಲ್ಲಿ ಸುತ್ತುತ್ತಿದ್ದರು.

"ಸಿರಾದಾಗೆ ಇದನ್ನ ಯಾರು ಆರಿಸಿದ್ದು?" ತಲೆ ಎತ್ತದೆ ಕೇಳಿದರು.

"ನಾನೇ."

"ಹಿತ್ತಾಳೇದು ಬ್ಯಾಡ ಅಂದ್ಯಂತೆ. ಬೆಟ್ಟು ಕಟ್ಕೊಂಡು ಎಸೆದ್ಯಂತೆ. ಅಮ್ಮ ಹೇಳಿದ್ಲು."

ಮತ್ತೆ ಕೆಲಸಕ್ಕೆ ಬಾಗಿದರು. ತಿರುಪು ಬೇಕಾದಾಗ ಕೈ ಚಾಚುತ್ತಿದ್ದರು. ನಾನು ಕೊಡುತ್ತಿದ್ದೆ. ಕತ್ತಲಾಗುವವರೆಗೂ.

೨೪ ಮಾರ್ಚ್, ಭಾನುವಾರ

ಸಿರಾ ಕಡೆಯ ಮದಲೂರು ಕೆರೆ. ಬಿದಿರಿನ ಕೋಲು ಇವರೇ ಬೆಂಕಿಯಲ್ಲಿ ಕಾಸಿ ನೆಟ್ಟಗೆ ಮಾಡಿದ್ದು. ರೇಷ್ಮೆ ಹುರಿ.

ನೀರು ತಗ್ಗಿದೆ, ಆದರೂ ಆಚೆ ದಡ ದೂರ. ಜನ ಇರುವುದಿಲ್ಲ ಎಂದುಕೊಂಡಿದ್ದೆ. ಏರಿಯ ಮೇಲೆ ನೀರುಗಂಟಿ ಅಡವಯ್ಯ, ಬಸ್ಸಿನ ದಿನಗಳಿಂದ ಇವರಿಗೆ ಪರಿಚಯ; ಜೊತೆಗೆ ನಾಲ್ಕಾರು ಮಂದಿ ಬೀಡಿ ಸೇದುತ್ತಾ.

ಮೊದಲ ಎಸೆತ: ಬೆರಳು ತಡವಾಗಿ ಬಿಟ್ಟಿತು. ಗುಂಡು ಕಾಲ ಬುಡಕ್ಕೇ ಗುಳುಕ್. ಎರಡನೆಯದು: ಬೇಗ ಬಿಟ್ಟು ಹಿಂದಕ್ಕೆ ಹೋಗಿ ಕಾರೆ ಮುಳ್ಳಿಗೆ ಸಿಕ್ಕಿತು. ಏರಿಯ ಮೇಲೆ ಯಾರೋ ನಕ್ಕರು.

ಇವರು ಕೋಲು ಇಳಿಸಿದರು. ಕೈ ಪಂಚೆಗೆ. "ನಡಿ, ಓಗಾನ."

ನಾನು ಮುಳ್ಳಿನಿಂದ ಗುಂಡು ಬಿಡಿಸಿ ತಂದೆ. ಬೆರಳು ತರಚಿತ್ತು. ಗುಂಡನ್ನು ಇವರ ಮುಂದೆ ಹಿಡಿದೆ. "ಆ ಓಣಿಯಲ್ಲಿ ನಾನು ಹೆಂಚಿಗೆ ಹೊಡೆದೆ. ನೀವು ಕೆರೆಗೂ ಹೊಡೆಯೋದಿಲ್ಲವೆ?"

ನನ್ನನ್ನೇ ನೋಡಿದರು. ಮೂಗು ಅರಳಿತು — ನಗೆ ತಡೆದಾಗ ಹಾಗೆ.

ಬೀಸಿದರು.

ಹೋಯಿತು... ಹೋಗುತ್ತಲೇ ಇತ್ತು. ಬಿಸಿಲಲ್ಲಿ ಹುರಿ ಒಂದೊಂದೇ ಉಂಗುರ ಕಳಚಿ ಹಾರುತ್ತಿತ್ತು. ಗುಂಡು ಬಿದ್ದ ಸದ್ದೂ ಕೇಳಿಸಲಿಲ್ಲ.

ಅಡವಯ್ಯ ಎದ್ದು ನಿಂತು ಇವರ ಹೆಸರು ಹಿಡಿದು ಕೂಗಿದ. "ಅದ್ಯಾವ ಕಡೆ ಬಿತ್ತಲಾ ಕದರಪ್ಪ? ನಂಗೆ ಕಾಣ್ಲೇ ಇಲ್ಲ!"

"ಅಗೋ, ಆ ಒಣಜಾಲಿ ಪಕ್ಕ ಕಣಣ್ಣ!" ಎಂದು ಇವರು ಕೈ ಎತ್ತಿ ತೋರಿಸಿದರು. ಬಲಗೈ. ಎಲ್ಲರ ಮುಂದೆ, ಆಕಾಶಕ್ಕೆ ಎದುರಾಗಿ, ನಾಲ್ಕು ಬೆರಳು.

ಇಳಿಸಲಿಲ್ಲ. ಅಡವಯ್ಯನಿಗೆ ಒಣಜಾಲಿ ಕಾಣುವವರೆಗೂ ಹಾಗೇ ಹಿಡಿದಿದ್ದರು. ನಾನು ಬಗ್ಗಿ ಸುಮ್ಮನೆ ಕಾಲಿನ ಮುಳ್ಳು ಹುಡುಕಿದೆ. ಮುಳ್ಳು ಇರಲಿಲ್ಲ.

ಮೀನು ಸಿಗಲಿಲ್ಲ.

೧೪ ಏಪ್ರಿಲ್

ಶೆಡ್ಡಿನ ಕೆಲಸ ಒಪ್ಪಿಕೊಂಡರು. ಜೂನಿನಿಂದ. ಅದಕ್ಕೆ ಮೊದಲು ಮಲ್ಪೆಗೆ ಹೋಗಬೇಕಂತೆ — ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ಕೋಟಿ ಎಂಬವರ ಊರು, ಸಮುದ್ರದ ಬದಿಯಲ್ಲೇ ಮನೆ. ಬಾ ಬಾ ಎಂದು ಆಗಲೇ ಕರೆದಿದ್ದರಂತೆ.

"ನೀನೂ ಬರ್ಬೇಕು. ರಜ ಅಲ್ವಾ" ಎಂದರು. ಎಲ್ಲೋ ನೋಡುತ್ತಾ.

೮ ಮೇ, ಬುಧವಾರ. ಮಲ್ಪೆ

ನಿನ್ನೆ ಸಂಜೆ ತಲುಪಿದೆವು. ರೈಲು, ಬಸ್ಸು, ಆಗುಂಬೆಯ ತಿರುವುಗಳಲ್ಲಿ ಎರಡು ಸಲ ವಾಂತಿ.

ಸಮುದ್ರ. ಏನು ಬರೆಯುವುದೋ ಗೊತ್ತಾಗುತ್ತಿಲ್ಲ. ಪಾಠ ಮಾಡುವಾಗ ನೀಲಿ ಬಣ್ಣ ಹಚ್ಚಿ ಎಷ್ಟು ಸಲ ತೋರಿಸಿದ್ದೇನೆ. ನೀಲಿಯೇ ಅಲ್ಲ. ಸುಮ್ಮನಿರುವುದೂ ಇಲ್ಲ.

ಬೆಳಗಿನ ಬಿಸಿಲು. ಮಗುಚಿ ಹಾಕಿದ ದೋಣಿಯ ನೆರಳಲ್ಲಿ ಕೂತು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಇವರು ಮೊಣಕಾಲುದ್ದ ನೀರಿನಲ್ಲಿ. ಕೋಟಿಯವರ ಮನೆಯವರೆಲ್ಲ ದಡದಲ್ಲಿ ನಿಂತಿದ್ದಾರೆ, ಇದೇನು ಯಂತ್ರ ಎಂದು. ಇವರು ತೆರೆಯ ಆಚೆಗೆ ಎಸೆದರು. ಕಾಯುತ್ತಿದ್ದಾರೆ. ನಾನು ಬೆನ್ನು ನೋಡುತ್ತಿದ್ದೇನೆ. ಮದುವೆಯಾಗಿ ಆರು ವರ್ಷ, ಇಷ್ಟು ಹೊತ್ತು ನೆಮ್ಮದಿಯಾಗಿ ಇವರನ್ನು ನೋಡಿರಲಿಲ್ಲ.

ಕೋಲು ಬಾಗಿತು. ಚೆನ್ನಾಗಿಯೇ ಬಾಗಿತು. ಎಡಗೈಯಲ್ಲಿ ಹಿಡಿ ಸುತ್ತುತ್ತಿದ್ದಾರೆ, ರೀಲು ಕಿರ್ರ್ ಎನ್ನುತ್ತಿದೆ. ಎಲ್ಲರೂ ತುಳುವಿನಲ್ಲಿ ಕೂಗುತ್ತಿದ್ದಾರೆ.

ಇವರು ತಿರುಗಿ ನನ್ನನ್ನು ಕರೆಯುತ್ತಿದ್ದಾರೆ. "ಲೇ ರತ್ನಾ! ಒಬ್ಬನ ಕೈಲಿ ಆಗಲ್ಲ ಕಣೆ! ಬಾ, ನೀನೂ ಹಿಡ್ಕೊ!" ಅಷ್ಟು ಜನರ ಮುಂದೆ, ನಗುತ್ತಾ. ಸೀರೆಯೆಲ್ಲ ನೆನೆಯುತ್ತದೆ, ನೀರಿಗೆ ನಾನು ಹೇಗೆ ಇಳಿ—