ಐವತ್ತು ಲೀಟರಿನ ನಿಯಮ

ಅಣ್ಣಾ,

ಇದನ್ನು ಓದಲು ನೀನಿಲ್ಲ, ಆದರೂ ವರದಿ ಒಪ್ಪಿಸುತ್ತಿದ್ದೇನೆ. ನಮ್ಮ ಮೀನು ಸಾಕುವವರ ಗುಂಪು ಇವತ್ತು ಸಂಘವಾಯಿತು. ನಲ್ಲಿ ನೀರಿಗೆ ಮೀನು ಕೊಲ್ಲುವ ಕ್ಲೋರಿನ್ ಸುರಿಯುವ ಮುನ್ನ ತಿಳಿಸಿ ಎಂದು ಇನ್ನು ಅಧಿಕಾರಿಗಳ ಮುಖಕ್ಕೇ ಹೇಳಬಹುದು. ಒಬ್ಬೊಬ್ಬರೇ ಕೂಗಿದಾಗ ಯಾವನು ಕಿವಿಗೊಟ್ಟ?

ಆದರೆ ಸಂಘ ಕಟ್ಟಿದ ಕೈಯಲ್ಲೇ ಬಾಗಿಲಿಗೆ ಅಗುಳಿಯನ್ನೂ ಹಾಕಿದೆವು. ಐವತ್ತು ಲೀಟರಿನ ಗಾಜಿನ ತೊಟ್ಟಿ ಇದ್ದವರಿಗೆ ಮಾತ್ರ ಸದಸ್ಯತ್ವ. ನಿಯಮ ಬರೆದವನು ನಾನೇ.

ಬಕೆಟ್ಟಿನಲ್ಲಿ ಮೀನು ಸಾಕುವ ದರ್ಜಿ ಅಕ್ಕ ಎದ್ದು ನಿಂತರು. "ಏನ್ರೀ ಕಾರ್ಯದರ್ಶಿಗಳೇ, ನಿಮ್ಮಣ್ಣನೂ ಬಕೆಟ್ಟಲ್ಲೇ ಸಾಕ್ತಿದ್ದಿದ್ದು. ಬದುಕಿದ್ದಿದ್ರೆ ಅವರನ್ನೂ ಹೊರಗೇ ನಿಲ್ಲಿಸ್ತಿದ್ರಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಯಮ ಪಾಸಾಯಿತು, ಅಕ್ಕ ಎದ್ದು ಹೋದರು.

ನೀನು ನನಗೆ ಮೊದಲ ಮೀನು ತೋರಿಸಿದ ಆ ಬಕೆಟ್ಟನ್ನು ಮನೆಗೆ ಬಂದು ಹುಡುಕಿದೆ. ಸಿಕ್ಕಿತು. ಅದರೊಳಗೆ ನೆಲ ಒರೆಸುವ ಬಟ್ಟೆ ನೆನೆಯುತ್ತಿತ್ತು.